ಒಂದು ಭಯಾನಕ ಮಾಲಿಕೆಯೂ ನಮ್ಮ ಆಯಿಯೂ

ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕಳುಹಿಸಬೇಕೆಂದು ಪತ್ರವು ಬಂದಾಗ, ಹಳೆಯ ವಿದ್ಯಾರ್ಥಿನಿಯರು ಸಾಮಾನ್ಯವಾಗಿ ಏನನ್ನು ಬರೆಯುವರೆಂಬದು ನನಗೆ ಕೂಡಲೆ ನೆನಪಾಯಿತು. ಪ್ರಾರ್ಥನೆಯ ಗಂಟೆ, ಬೇವಿನ ಗಿಡದ ಕೆಳಗಿನ ಹೊಲಿಗೆಯ ತರಗತಿ, ಮುಖದಲ್ಲಿ ಕಠಿಣರೂ ಮನಸ್ಸಿನಲ್ಲಿ ಮೃದುವೂ ಆಗಿದ್ದ ಶಿಕ್ಷಕಿಯರು, ಇವುಗಳನ್ನು ಕುರಿತು ನನಗಿಂತ ಸೊಗಸಾಗಿ ಬರೆಯಬಲ್ಲ ಭಗಿನಿಯರು ಈ ಸಂಚಿಕೆಯಲ್ಲಿಯೇ ಹಲವರಿರುವರು. ಆದಕಾರಣ ನಾನು ಆ ದಾರಿಯನ್ನು ಬಿಟ್ಟು, ಟೀವಿಯ ಒಂದು ಭಯಾನಕ ಮಾಲಿಕೆಯ ಒಂದು ಕಂತನ್ನು ಕುರಿತು ಬರೆಯಲು ಸಂಪಾದಿಕೆಯವರ ಅಪ್ಪಣೆಯನ್ನು ಬೇಡಿ ಪಡೆದಿರುವೆನು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ದೆವ್ವದ ಕಥೆಗೆ ಏನು ಕೆಲಸವೆಂದು ಪಾಲಕರು ಹುಬ್ಬುಗಂಟಿಕ್ಕದೆ ಕಡೆಯವರೆಗೆ ಓದಬೇಕೆಂದು ಮೊದಲೇ ಬಿನ್ನವಿಸಿಕೊಳ್ಳುವೆನು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಮ್ಮ ನಾಲ್ಕು ತಾಲೂಕುಗಳು 1997ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವು. ಈ ಜಿಲ್ಲೆಗೆ ಟೀವಿಯು ಬಂದ ಬಗೆಯು ವಿಚಿತ್ರವಾದದ್ದು. ದೊಡ್ಡ ದೊಡ್ಡ ಪಟ್ಟಣಗಳ ಶ್ರೀಮಂತರಿಗೂ ಅದು ಅಪರೂಪವಾಗಿದ್ದ ಕಾಲದಲ್ಲಿ, ಅಂದರೆ 1975ರ ಆಗಸ್ಟ್ ತಿಂಗಳಿನಿಂದ ಒಂದು ವರ್ಷದವರೆಗೆ, ಅಮೇರಿಕದ ಒಂದು ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿಯ ಪಾಠಗಳನ್ನು ಕಳುಹಿಸುವ ಪ್ರಯೋಗವೊಂದು ನಡೆಯಿತು. ಕರ್ನಾಟಕದಲ್ಲಿ ಅದಕ್ಕಾಗಿ ಆರಿಸಲ್ಪಟ್ಟವು ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳೇ. ಒಕ್ಕಲುತನ, ಆರೋಗ್ಯ, ಮಕ್ಕಳ ವಿದ್ಯೆ ಇವೇ ಅಲ್ಲಿನ ವಿಷಯಗಳು. ಹೀಗೆ ನಮ್ಮ ಸೀಮೆಯ ಜನರು ಟೀವಿಯನ್ನು ಮೊದಲು ಕಂಡದ್ದು ಒಬ್ಬ ಮಾಸ್ತರನ ರೂಪದಲ್ಲಿ. ಅದು ಹೇಳಿದ್ದನ್ನು ನಂಬಬೇಕು, ಅದರ ಮುಂದೆ ಸುಮ್ಮನೆ ಕುಳಿತುಕೊಳ್ಳಬೇಕು ಎಂಬ ಭಾವನೆಯು ಹಿರಿಯರಲ್ಲಿ ಬಹುಕಾಲ ಉಳಿದಿತ್ತು. ನಮ್ಮ ಆಯಿಯಂತೂ, ಅಂದರೆ ನಮ್ಮ ತಂದೆಯ ತಾಯಿಯು, ಸುದ್ದಿ ಓದುವವರು ನಮಸ್ಕರಿಸಿದರೆ ತಾನೂ ಕೈ ಮುಗಿಯುತ್ತಿದ್ದಳು.

1992ರಲ್ಲಿ ಝೀ ಎಂಬ ಖಾಸಗಿ ವಾಹಿನಿಯು ಹುಟ್ಟಿತು. ಮರುವರ್ಷ, ಅಂದರೆ 1993ರಲ್ಲಿ, ರಾಮ್‌ಸೆ ಸಹೋದರರು ತಯಾರಿಸಿದ ‘ಝೀ ಹಾರರ್ ಶೋ’ ಎಂಬ ಮಾಲಿಕೆಯು ಅದರಲ್ಲಿ ಆರಂಭವಾಯಿತು. ಆಗ ನಾವು ಗಂಗಾವತಿಯಲ್ಲಿದ್ದೆವು. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಬಂದ ಮೇಲೆ ಆ ಊರಿನಲ್ಲಿ ಭತ್ತದ ಗಿರಣಿಗಳು ಸಾಲುಗಟ್ಟಿ ನಿಂತಿದ್ದವು. ಅವುಗಳಲ್ಲೊಂದರಲ್ಲಿ ನಮ್ಮ ತಂದೆಯವರು ಲೆಕ್ಕ ಬರೆಯುತ್ತಿದ್ದರು. ಓಣಿಯ ಒಂದು ಮನೆಯ ಮಾಳಿಗೆಯ ಮೇಲೆ ದೊಡ್ಡ ಪರಾತದಂಥ ಆಂಟೆನಾ ಏರಿತು. ಅಲ್ಲಿಂದ ಕರಿಯ ತಂತಿಗಳು ಮನೆಯಿಂದ ಮನೆಗೆ ಬಟ್ಟೆ ಒಣಗಿಸುವ ಹಗ್ಗಗಳಂತೆ ಹಬ್ಬಿದವು. ನಾನು ಆಗ ಹದಿಮೂರು ವರ್ಷದವಳು, ಎಂಟನೆಯ ಇಯತ್ತೆಯಲ್ಲಿ ಓದುತ್ತಿದ್ದೆನು.

ಆ ಮಾಲಿಕೆಯ ಮೊದಮೊದಲ ಕಥೆಗಳಲ್ಲಿ ಒಂದಕ್ಕೆ ‘ದಸ್ತಕ್’ ಎಂದು ಹೆಸರು. ಕಥೆಯ ವಿವರವನ್ನು ಇಲ್ಲಿ ಹೇಳುವದು ನನ್ನ ಉದ್ದೇಶವಲ್ಲ. ಹೆಸರೊಂದೇ ನನ್ನ ಕೆಲಸಕ್ಕೆ ಸಾಕು. ನಮಗೆ, ಎಂದರೆ ಮಕ್ಕಳಿಗೆ, ಆ ಶಬ್ದದ ಅರ್ಥವು ತಿಳಿದಿರಲಿಲ್ಲ. ಅವ್ವನಿಗೂ ತಿಳಿದಿರಲಿಲ್ಲ. ಹಿಂದಿಯನ್ನು ಒಂದಕ್ಷರವೂ ಕಲಿಯದ ಆಯಿಯೇ ಕಂಬಕ್ಕೆ ಒರಗಿ ಕುಳಿತಲ್ಲಿಂದ, “ದಸ್ತಕ್ ಅಂದ್ರ ಬಾಗಿಲಾ ಬಡಿಯೂದು” ಎಂದಳು. ಇದರಲ್ಲಿ ಆಶ್ಚರ್ಯವಿಲ್ಲ. 1948ರವರೆಗೆ ಈ ಸೀಮೆಯು ಹೈದರಾಬಾದಿನ ನಿಜಾಮರ ಆಳಿಕೆಯಲ್ಲಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರಿಯವು. ನಮ್ಮ ಅಜ್ಜನು ಉರ್ದುವಿನಲ್ಲಿ ಸಾಲೆ ಕಲಿತವನು. ಕಚೇರಿಯ ಮಾತು, ಕಂದಾಯದ ಮಾತು, ಹೆದರಿಕೆಯ ಮಾತು ಎಲ್ಲವೂ ಉರ್ದುವಿನಲ್ಲಿಯೇ ಹಳ್ಳಿಗೆ ಬರುತ್ತಿದ್ದವು. ಬಾಕಿಯನ್ನು ಕೇಳಲು ಸರಕಾರದವರು ಕಳುಹಿಸುತ್ತಿದ್ದ ತಾಕೀತಿಗೂ ಹಿಂದೆ ದಸ್ತಕ್ ಎಂಬ ಹೆಸರೇ ಇತ್ತು.

ಆ ರಾತ್ರಿ ಓಣಿಯಲ್ಲಿ ವಿದ್ಯುತ್ತು ಇದ್ದದ್ದೇ ಒಂದು ವಿಶೇಷವು. ದೀಪವನ್ನು ಆರಿಸಿಕೊಂಡು ನೋಡಬೇಕೆಂದು ನನ್ನ ಅಣ್ಣನು ಹಟ ಹಿಡಿದನು. ಟೀವಿಯೊಳಗೆ ಬಾಗಿಲಿನ ಮೇಲೆ ಪೆಟ್ಟು ಬಿತ್ತು. ತುಸು ಹೊತ್ತು ಸದ್ದಿಲ್ಲ. ಮತ್ತೆ ಪೆಟ್ಟು. ನಾವು ಮಕ್ಕಳು ಒಬ್ಬರ ಕೈಯನ್ನೊಬ್ಬರು ಹಿಡಿದು, ಹೆದರಿದ್ದರಿಂದಲೇ ಸಂತೋಷಪಡುತ್ತಿದ್ದೆವು. ಎರಡನೆಯ ಸಲ ಸದ್ದಾದಾಗ ಆಯಿಯು ಎದ್ದಳು. ಗೋಡೆಯನ್ನು ಹಿಡಿದುಕೊಂಡು ನಡುಮನೆಯನ್ನು ದಾಟಿ ಹೋಗಿ, ನಮ್ಮ ಮನೆಯ ತಲೆಬಾಗಿಲಿನ ಮೇಲೆ ಅಂಗೈಯನ್ನಿಟ್ಟು ನಿಂತಳು. “ಯಾರದು?” ಎಂದು ಕೇಳಿದಳು. ಅಣ್ಣನು ನಕ್ಕನು. ಅವ್ವ ಹೋಗಿ, ಅದು ಟೀವಿಯ ಸದ್ದೆಂದು ಎಷ್ಟು ಹೇಳಿದರೂ ಆಯಿಯು ಕದವನ್ನು ಬಿಡಲಿಲ್ಲ. ಕಡೆಗೆ ಅಪ್ಪನೇ ಚಿಲಕವನ್ನು ತೆಗೆದು, ಬಾಗಿಲನ್ನು ಪೂರಾ ತೆರೆದು, ಹೊರಗೆ ಯಾರೂ ಇಲ್ಲವೆಂದು ತೋರಿಸಿದರು. ಆಯಿಯು ಹೊರಗಿನ ಕತ್ತಲೆಯನ್ನು ಬಹಳ ಹೊತ್ತು ನೋಡಿ, ಹೊಸ್ತಿಲಿನ ಮೇಲೆ ಕುಳಿತುಬಿಟ್ಟಳು. ಮರುದಿನ ಅವಳಿಗೆ ಜ್ವರ ಬಂದಿತು.

ಅಪ್ಪನ ಸಿಟ್ಟಿಗೆ ಪಾರವಿರಲಿಲ್ಲ. ತಂತಿಯನ್ನು ಕತ್ತರಿಸಿ ಹಾಕಿದರು. ಇಂಥ ಮಾಲಿಕೆಗಳನ್ನು ಸರಕಾರದವರು ನಿಷೇಧಿಸಬೇಕೆಂದು ಗಿರಣಿಯಲ್ಲಿ, ಸಂತೆಯಲ್ಲಿ, ಕಂಡಕಂಡವರ ಮುಂದೆ ಹೇಳಿದರು. ಶಾಲೆಯಲ್ಲಿಯೂ ಅದೇ ಮಾತು ನಡೆದಿತ್ತು. ನಮ್ಮ ವಿಜ್ಞಾನದ ಶಿಕ್ಷಕಿಯವರು ಒಂದು ಇಡೀ ತಾಸನ್ನು ಅದಕ್ಕಾಗಿ ಕೊಟ್ಟರು. ಅವರ ವಾದವು ನನಗೆ ಇಂದಿಗೂ ಸರಿಯೆಂದೇ ತೋರುವದು. ದೆವ್ವದ ಹೆದರಿಕೆಯು ಪಟ್ಟಣದವರಿಗೆ ವಿನೋದವಾಗಬಹುದು, ಬಾನಾಮತಿಯ ಹೆಸರಿನಲ್ಲಿ ಹೆಂಗಸರನ್ನು ಹೊಡೆಯುವ ಸೀಮೆಯಲ್ಲಿ ಅದು ವಿನೋದವಲ್ಲ ಎಂದು ಅವರು ಹೇಳಿದರು. ಬೀದರ, ಗುಲಬರ್ಗಾ, ರಾಯಚೂರುಗಳ ಈ ಭಾಗದಲ್ಲಿ ಮೈಮೇಲೆ ಗಾಳಿ ಬಂದಿತೆಂದು ಹುಡುಗಿಯರನ್ನು ಕಂಬಕ್ಕೆ ಕಟ್ಟಿದ್ದನ್ನು, ಮಾಟ ಮಾಡಿದಳೆಂದು ಮುದುಕಿಯರನ್ನು ಊರು ಬಿಡಿಸಿದ್ದನ್ನು ಕೇಳದವರು ನಮ್ಮಲ್ಲಿ ಯಾರು? ದೆವ್ವ ಬಿಡಿಸುವ ನೆಪದಿಂದ ಕಟ್ಟುವದು, ಹೊಡೆಯುವದು ಅಪರಾಧವೆಂದು ಸಾರುವ ಕಾಯಿದೆಯು ಕರ್ನಾಟಕದಲ್ಲಿ ಆದದ್ದು 2017ರಲ್ಲಿ. ಅದು ಜಾರಿಗೆ ಬಂದದ್ದು 2020ರಲ್ಲಿ. ನಮ್ಮ ಶಿಕ್ಷಕಿಯವರು ಮಾತಾಡಿದ್ದು ಅದಕ್ಕೆ ಕಾಲು ಶತಮಾನಕ್ಕಿಂತ ಹೆಚ್ಚು ಮೊದಲು.

ಆದರೆ ವಕೀಲರಾಗಿದ್ದ ನಮ್ಮ ಕಾಕಾ ಅಪ್ಪನೊಡನೆ ವಾದಕ್ಕೆ ನಿಂತರು. ಇಂಥದೇ ಒಂದು ಮೊಕದ್ದಮೆಯು ಆಗಲೇ ಸುಪ್ರೀಂ ಕೋರ್ಟಿನವರೆಗೆ ಹೋಗಿಬಂದಿದೆಯೆಂದು ಅವರು ಹೇಳಿದರು. ದೂರದರ್ಶನದವರು ‘ಹೋನೀ ಅನಹೋನೀ’ ಎಂಬ ಅದ್ಭುತ ಘಟನೆಗಳ ಮಾಲಿಕೆಯನ್ನು ತೋರಿಸುತ್ತಿದ್ದಾಗ, ಇದರಿಂದ ಜನರಲ್ಲಿ ಮೂಢನಂಬಿಕೆಯು ಹರಡುವದೆಂದು ಮಹಾರಾಷ್ಟ್ರದ ಲೋಕವಿಜ್ಞಾನ ಸಂಘಟನೆಯವರು ಮುಂಬಯಿಯ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆಯನ್ನು ತಂದಿದ್ದರು. 1988ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಚಿತ್ರವನ್ನು ನಿಯಮಗಳಿಗೆ ಒಳಪಟ್ಟು ದೂರದರ್ಶನದಲ್ಲಿ ತೋರಿಸುವದು ನಾಗರಿಕನ ಅಭಿವ್ಯಕ್ತಿ ಸ್ವಾತಂತ್ರ್ಯದ ಒಂದು ಭಾಗವೆಂದೂ, ಸಮಾಜಕ್ಕೆ ಕೇಡಾಗುವದೆಂಬದಕ್ಕೆ ಪುರಾವೆ ಬೇಕೆಂದೂ ತೀರ್ಪು ಹೇಳಿತು. ಆ ತೀರ್ಪನ್ನು ಬರೆದವರು ನಮ್ಮ ಕನ್ನಡಿಗರೇ, ಮರುವರ್ಷ ಭಾರತದ ಮುಖ್ಯ ನ್ಯಾಯಾಧೀಶರಾದ ಇ. ಎಸ್. ವೆಂಕಟರಾಮಯ್ಯನವರು. “ಪುರಾವೆ ಬೇಕೇನು? ಒಳಗ ಮಲಗ್ಯಾಳ ನೋಡು, ಜ್ವರ ಬಂದು” ಎಂದು ಅಪ್ಪ ಕಾಕಾನಿಗೆ ಉತ್ತರ ಕೊಟ್ಟರು. ಕಾಕಾ ಸುಮ್ಮನಾದರು. ಕಾಯಿದೆಯಲ್ಲಿ ಕಾಕಾ ಸರಿಯಾಗಿದ್ದರೆಂದು ನಾನು ಈಗ ಬಲ್ಲೆನು. ಆದರೂ ಆ ದಿನ ಗೆದ್ದವರು ಅಪ್ಪನೇ.

ಜ್ವರ ಇಳಿದ ಮೇಲೆ ಆಯಿಯು ಬಾಯಿ ಬಿಟ್ಟಳು. ಅದುವರೆಗೆ ನಾವು ಕೇಳಿದ್ದು ಅವಳ ಮದುವೆಯ ಕಥೆ, ಎತ್ತುಗಳ ಕಥೆ, ಬರಗಾಲದ ಕಥೆ ಇಷ್ಟೇ. 1948ರ ಮಾತನ್ನು ಅವಳು ಎಂದೂ ಆಡಿರಲಿಲ್ಲ. ಅವಳಿಗೆ ಆಗ ಹದಿನೆಂಟು ವರ್ಷ. ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವಿನ ಒಂದು ಊರಿನಲ್ಲಿ ಅತ್ತೆಯ ಮನೆ. ಕಾಸಿಮ್ ರಜವಿಯ ರಜಾಕಾರರು ಊರೂರು ತಿರುಗುತ್ತಿದ್ದ ಬೇಸಿಗೆಯದು. ಒಂದು ರಾತ್ರಿ ಬಾಗಿಲು ಬಡಿದರು. “ದರ್ವಾಜಾ ಖೋಲೋ” ಎಂದರು. ಮಾವನು ಅವಳನ್ನೂ ನೆಗೆಣ್ಣಿಯನ್ನೂ ಅಟ್ಟಕ್ಕೆ ಹತ್ತಿಸಿ, ಹತ್ತಿಯ ಅಂಡಿಗೆಗಳ ಹಿಂದೆ ಅಡಗಿಸಿ, ತಾನೇ ಅಗಳಿಯನ್ನು ತೆಗೆದನು. ಅವರು ಹಗೇವಿನ ಬಾಯಿಯನ್ನು ಒಡೆದು ಜೋಳವನ್ನೆಲ್ಲ ತುಂಬಿಕೊಂಡು ಹೋದರು. ಮಾವನ ತಮ್ಮನನ್ನು ಹೊಡೆದು ಕಾಲು ಮುರಿದರು. ಮರುದಿನವೇ ಮನೆಮಂದಿಯೆಲ್ಲ ಗಡಿ ದಾಟಿ ಗಜೇಂದ್ರಗಡದ ಕಡೆಗೆ ನಡೆದರು. ಆ ಊರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯದು. ನಮ್ಮ ತಾಲೂಕುಗಳ ಸಾವಿರಾರು ಜನರು ಆ ವರ್ಷ ಹೀಗೆಯೇ ಗಡಿಯಾಚೆಯ ಊರುಗಳಲ್ಲಿ ಆಶ್ರಯ ಪಡೆದರು. ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ ಶಿಬಿರವನ್ನು ಹೂಡಿ ರಜಾಕಾರರೊಡನೆ ಹೋರಾಡಿದ್ದು ಈ ಕಾಲದಲ್ಲಿಯೇ. ಆಯಿಯು ಈ ಕಥೆಯನ್ನು ಅಂಜಿಕೆಯಿಂದ ಆರಂಭಿಸಿದರೂ ಹೇಳುತ್ತ ಹೇಳುತ್ತ ಅವಳ ಧ್ವನಿಯಲ್ಲಿ ಒಂದು ಬಿಗಿ ಬಂದಿತು. ನಾವು ಅದನ್ನು ಮತ್ತೆ ಮತ್ತೆ ಹೇಳಿಸಿದೆವು. ಅಣ್ಣನು ಶಾಲೆಯಲ್ಲಿ ಸಪ್ಟೆಂಬರ 17ರ ಭಾಷಣಕ್ಕೆ ಅದನ್ನೇ ಉಪಯೋಗಿಸಿ ಬಹುಮಾನವನ್ನೂ ಪಡೆದನು.

ಹೀಗೆ ನಾವು ಆಣಿ, ಪಾವಲಿ ಕೊಟ್ಟು ಕೊಳ್ಳಲಾರದ ಒಂದು ಚರಿತ್ರೆಯನ್ನು ಆ ಮಾಲಿಕೆಯು ನಮ್ಮ ಮನೆಗೆ ತಂದುಕೊಟ್ಟಿತು. ಆಗ ನನಗಾದದ್ದು ಸಂತೋಷವೇ. ರಾಮ್‌ಸೆಯವರನ್ನು ಕುರಿತು ದೊಡ್ಡವಳಾದ ಮೇಲೆ ಓದಿದಾಗ ಇನ್ನೊಂದು ಸಂಗತಿಯು ತಿಳಿಯಿತು. ಆ ಏಳು ಮಂದಿ ಸಹೋದರರ ತಂದೆಯವರು ಕರಾಚಿಯಲ್ಲಿ ರೇಡಿಯೋ ಅಂಗಡಿಯನ್ನು ಇಟ್ಟಿದ್ದವರು, 1947ರ ವಿಭಜನೆಯಲ್ಲಿ ಎಲ್ಲವನ್ನೂ ಬಿಟ್ಟು ಮುಂಬಯಿಗೆ ಬಂದವರು. ಬಿಟ್ಟುಬಂದ ಮನೆಯೊಂದು ಬೆನ್ನ ಹಿಂದೆ ಇದ್ದವರ ಮಕ್ಕಳು ಹಾಳುಮನೆಗಳ ಕಥೆಗಳನ್ನು ಇಷ್ಟು ಬಗೆಬಗೆಯಾಗಿ ಹೇಳಿದ್ದು ಕೇವಲ ಹಣದ ಸಲುವಾಗಿ ಎನ್ನಲು ನನಗೆ ಮನಸ್ಸಾಗದು. ಇದು ನನ್ನ ಊಹೆಯೇ ಹೊರತು ಅವರು ಹೇಳಿದ್ದಲ್ಲ.

ಭಯಾನಕವೂ ಒಂದು ರಸವೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಣಿಸಿರುವನು. ಭಯವೆಂಬದು ಅದರ ಸ್ಥಾಯಿಭಾವ. ನಿಜವಾದ ಭಯದಲ್ಲಿ ಸುಖವಿಲ್ಲ, ರಂಗದ ಮೇಲಿನ ಭಯದಲ್ಲಿ ಉಂಟು. ಏಕೆಂದರೆ ನಮಗೆ ಏನೂ ಆಗುವದಿಲ್ಲವೆಂಬ ಧೈರ್ಯವು ಒಳಗೊಳಗೆ ಇರುವದು. ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ನಾಡನ್ನು ಹೇಳುವಲ್ಲಿ ಕೊಪಣವನ್ನೂ ಹೆಸರಿಸಿದೆಯೆಂದು ಹೆಮ್ಮೆಪಡುವ ನಾವು ಈ ರಸದ ಮಾತನ್ನು ಪಾಠವಾಗಿ ಓದಿದವರೇ. ಆದರೆ ನಮ್ಮ ಆಯಿಗೆ ಆ ರಾತ್ರಿ ರಸವು ಹುಟ್ಟಲಿಲ್ಲ, ಭಯವೇ ಹುಟ್ಟಿತು. ಅವಳಿಗೆ ಆದದ್ದೇ ತಪ್ಪು ಓದು ಎಂದು ಪಂಡಿತರು ಹೇಳಬಹುದು. ನಾನು ಹೇಳಲಾರೆನು. ನಾನು ಆ ಮಾಲಿಕೆಯ ವಿಷಯವಾಗಿ ಬೇರೊಂದು ತಕರಾರನ್ನು ಮಾಡುವೆನು, ಅದನ್ನು ಹೇಳುವ ಮೊದಲು ಕಥೆಯ ಉಳಿದ ಅರ್ಧವನ್ನು ಹೇಳಬೇಕು.

ತೊಂಬತ್ತರ ಆ ದಶಕದಲ್ಲಿಯೇ ಕರ್ನಾಟಕದ ಊರೂರುಗಳಲ್ಲಿ ‘ನಾಳೆ ಬಾ’ ಎಂಬ ಗಾಳಿಮಾತು ಹಬ್ಬಿದ್ದು ಈ ಸಂಚಿಕೆಯ ಹಲವು ವಾಚಕಿಯರಿಗೆ ನೆನಪಿರಬಹುದು. ರಾತ್ರಿಯಲ್ಲಿ ಒಂದು ಹೆಣ್ಣು ದೆವ್ವವು ಬಂದು ಮನೆಯವರ ಧ್ವನಿಯಲ್ಲಿಯೇ ಕರೆದು ಬಾಗಿಲು ಬಡಿಯುವದು, ಬಾಗಿಲು ತೆರೆದವರು ಸಾಯುವರು, ಆದರೆ ಕದದ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಅದು ಓದಿಕೊಂಡು ತಿರುಗಿ ಹೋಗುವದು, ಮರುದಿನವೂ ಹಾಗೆಯೇ. ಅಕ್ಷರ ಬಲ್ಲ ದೆವ್ವವೆಂದು ನಮ್ಮ ಶಿಕ್ಷಕಿಯವರು ನಗುತ್ತಿದ್ದರು. 2018ರಲ್ಲಿ ಬಂದ ‘ಸ್ತ್ರೀ’ ಎಂಬ ಹಿಂದಿ ಚಿತ್ರದಲ್ಲಿಯೂ ಇದೇ ಯುಕ್ತಿ ಇರುವದು. ಗಂಗಾವತಿಯ ನಮ್ಮ ಓಣಿಗೂ ಆ ಗಾಳಿ ಬೀಸಿತು. ಅಣ್ಣನು ಸೀಮೆಸುಣ್ಣದಿಂದ ನಮ್ಮ ಕದದ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದನು. ಏನು ಬರೆದಿಯೆಂದು ಆಯಿಯು ಕೇಳಿದಳು. ಓದಿ ಹೇಳಿದನು. ಆಯಿಯು ಒಂದು ಮಾತನ್ನೂ ಆಡದೆ ಹಸಿ ಅರಿವೆಯನ್ನು ತಂದು ಅದನ್ನು ಒರೆಸಿಬಿಟ್ಟಳು. ಅಣ್ಣನು ಮತ್ತೆ ಬರೆದನು. ಅವಳು ಮತ್ತೆ ಒರೆಸಿದಳು. ಮೂರನೆಯ ದಿನ ಅವನಿಗೆ ಬೇಸರವಾಯಿತು.

ಅದೇ ವಾರ ಅವ್ವನೂ ಆಯಿಯೂ ನಾನೂ ಮರಗಳಲ್ಲಿ ತೊಗರಿಯನ್ನು ಹಸನು ಮಾಡುತ್ತ ಕುಳಿತಿದ್ದೆವು. ಗಂಡಸರು ಯಾರೂ ಮನೆಯಲ್ಲಿರಲಿಲ್ಲ. ಆಯಿಯು ತಲೆಯನ್ನು ಎತ್ತದೆ, ಕಲ್ಲುಗಳನ್ನು ಆರಿಸುತ್ತಲೇ ಹೇಳಿದಳು. 1948ರ ಸಪ್ಟೆಂಬರದಲ್ಲಿ ಹಿಂದುಸ್ತಾನದ ಸೈನ್ಯವು ಬಂದಿತು, ಐದು ದಿನಗಳಲ್ಲಿ ನಿಜಾಮನು ಶರಣಾದನು, ಗಡಿಯಾಚೆಗೆ ಹೋದವರು ತಿರುಗಿ ಬಂದರು. ಅವಳ ಅತ್ತೆಯ ಮನೆಯವರೂ ಬಂದರು. ಹಿತ್ತಲಿನ ಆಚೆಯ ಮನೆಯು ಪಿಂಜಾರರದು. ಬಿಲ್ಲಿನಿಂದ ಹತ್ತಿಯನ್ನು ಹಿಂಜಿ ಗಾದಿಗಳನ್ನು ಹೊಲಿಯುವ ಬಡವರು. ಅವರಿಗೂ ರಜಾಕಾರರಿಗೂ ಸಂಬಂಧವಿರಲಿಲ್ಲ. ಆಯಿಯ ಮದುವೆಯ ಗಾದಿಯನ್ನು ಹೊಲಿದವರೇ ಅವರು. ಒಂದು ರಾತ್ರಿ ಬೇರೆ ಊರುಗಳ ಗುಂಪೊಂದು ಸಾಬರ ಮನೆಗಳನ್ನು ಹುಡುಕುತ್ತ ಬಂದಿತು. ಯಾರು ಅವರನ್ನು ಮುಚ್ಚಿಟ್ಟುಕೊಳ್ಳುವರೋ ಅವರಿಗೂ ಅದೇ ಗತಿಯೆಂದು ಅಗಸಿಯಲ್ಲಿ ಕೂಗಿ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಹಿತ್ತಲ ಬಾಗಿಲಿನ ಮೇಲೆ ಸದ್ದಾಯಿತು. ಬಡಿದದ್ದಲ್ಲ, ಅಂಗೈಯಿಂದ ಮೆಲ್ಲಗೆ ತಟ್ಟಿದ್ದು. “ತಂಗೀ, ಬಾಗಿಲಾ ತಗೀ” ಎಂದು ಪಿಂಜಾರರ ಸೊಸೆಯ ಧ್ವನಿ. ಜೊತೆಗೆ ಕೂಸಿನ ಕುಂಯ್ಗುಡುವ ಧ್ವನಿ.

ಆಯಿಯು ಎದ್ದು ಕದದವರೆಗೆ ಹೋದಳು. ಕದದ ಮೇಲೆ ಕೈಯನ್ನು ಇಟ್ಟಳು. ಆಚೆಯಿಂದ ಅವಳ ಅಂಗೈ ತಟ್ಟಿದ್ದು ತನ್ನ ಅಂಗೈಗೆ ತಿಳಿಯುತ್ತಿತ್ತು ಎಂದಳು. ಅಷ್ಟರಲ್ಲಿ ಮಾವನು ಬಂದು ಅವಳ ತೋಳನ್ನು ಹಿಡಿದನು. ಕೆಟ್ಟ ಮನುಷ್ಯನಲ್ಲ ಅವನು. ಮನೆಯಲ್ಲಿ ಇಬ್ಬರು ಸೊಸೆಯರು, ಕಾಲು ಮುರಿದ ತಮ್ಮ, ತಿನ್ನಲು ಕಾಳಿಲ್ಲ. ಕದದ ಕಡೆಗೆ ಬಾಗಿ, “ನಾಳಿಗಿ ಬಾರವ್ವಾ, ಈಗ ಆಗೂದುಲ್ಲ” ಎಂದನು. ಮತ್ತೆ ಎರಡು ಸಲ ಸದ್ದಾಯಿತು. ಆಮೇಲೆ ಆಗಲಿಲ್ಲ.

ಅವ್ವ ಕೈಯಲ್ಲಿದ್ದ ಮರವನ್ನು ಕೆಳಗಿಟ್ಟಳು. “ಮುಂದ?” ಎಂದು ಕೇಳಿದಳು. ಮುಂದೆ ನಡೆದದ್ದನ್ನು ಕೇಳಿ ನನಗೆ ಸಮಾಧಾನವೂ ಆಯಿತು, ಇನ್ನೊಂದು ಬಗೆಯ ಸಂಕಟವೂ ಆಯಿತು. ಆ ಹೆಣ್ಣುಮಗಳು ಸಾಯಲಿಲ್ಲ. ರಾತ್ರಿಯೆಲ್ಲ ಕೂಸನ್ನು ಕಟ್ಟಿಕೊಂಡು ಜೋಳದ ಹೊಲದಲ್ಲಿ ಕುಳಿತಿದ್ದು, ಬೆಳಗಾಗುವ ಮೊದಲೇ ತನ್ನ ಮನೆಯವರೊಡನೆ ಊರು ಬಿಟ್ಟಳು. ಚಳಿಗಾಲದಲ್ಲಿ ತಿರುಗಿ ಬಂದರು. ಅದಾದ ಮೇಲೆ ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಎರಡು ಮನೆಗಳೂ ಒಂದೇ ಹಿತ್ತಲಿನ ಆಚೆ ಈಚೆ ಬಾಳಿದವು. ರಂಜಾನಿಗೆ ಆ ಮನೆಯಿಂದ ಸುರಕುಂಬಾ ಬರುತ್ತಿತ್ತು, ಪಂಚಮಿಗೆ ಈ ಮನೆಯಿಂದ ಉಂಡಿ ಹೋಗುತ್ತಿದ್ದವು. ಹೆರಿಗೆಯಲ್ಲಿ ಒಬ್ಬರಿಗೊಬ್ಬರು ಆದರು. ಆ ರಾತ್ರಿಯ ಮಾತನ್ನು ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಕದದ ಒಳಗಡೆ ಕೈಯಿಟ್ಟು ನಿಂತವಳು ತಾನೆಂಬದು ಅವಳಿಗೆ ಗೊತ್ತಿತ್ತೋ ಇಲ್ಲವೋ ಎಂಬದೊಂದೇ ಆಯಿಯನ್ನು ಕಾಡುತ್ತಿದ್ದ ಪ್ರಶ್ನೆ. “ಕೇಳಿದ್ರ ಗೊತ್ತಾಗತಿತ್ತು, ಕೇಳಲಿಲ್ಲ” ಎಂದು ಹೇಳಿ ಅವಳು ಮತ್ತೆ ಕಲ್ಲುಗಳನ್ನು ಆರಿಸತೊಡಗಿದಳು.

ಆ ದಿನಗಳಲ್ಲಿ ನಡೆದದ್ದನ್ನು ವಿಚಾರಿಸಲು ಪಂಡಿತ ಸುಂದರಲಾಲರ ಮುಂದಾಳ್ತನದಲ್ಲಿ ಭಾರತ ಸರಕಾರದವರು 1948ರ ಕೊನೆಯಲ್ಲಿ ಒಂದು ಸಮಿತಿಯನ್ನು ಕಳುಹಿಸಿದ್ದರು. ಹೈದರಾಬಾದು ಸಂಸ್ಥಾನದಲ್ಲಿ ಸೈನ್ಯ ಬಂದ ಮೇಲಿನ ಹಿಂಸೆಯಲ್ಲಿ 27,000ದಿಂದ 40,000 ಜನರು ಸತ್ತಿರಬೇಕೆಂದು ಅದು ಅಂದಾಜು ಮಾಡಿತು. ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ ಈ ನಾಲ್ಕು ಜಿಲ್ಲೆಗಳಲ್ಲಿ ಹಾನಿಯು ಎಲ್ಲಕ್ಕಿಂತ ಹೆಚ್ಚೆಂದು ಹೇಳಿತು. ನಮ್ಮ ರಾಯಚೂರು ಆ ನಾಲ್ಕರಲ್ಲಿ ಇಲ್ಲ. ಆ ವರದಿಯು ದಶಕಗಳವರೆಗೆ ಮುಚ್ಚಿದ ಕಪಾಟಿನಲ್ಲಿಯೇ ಇದ್ದು, ಸಾಮಾನ್ಯರ ಕೈಗೆ ದೊರೆತದ್ದು 2013ರ ಹೊತ್ತಿಗೆ. ಹೀಗಿರುವದರಿಂದ 1993ರಲ್ಲಿ ನಮ್ಮ ಪಠ್ಯಪುಸ್ತಕದಲ್ಲಿ ಆಯಿಯ ಮೊದಲನೆಯ ಕಥೆಗೆ ಸ್ಥಳವಿತ್ತು, ಎರಡನೆಯದಕ್ಕೆ ಇರಲಿಲ್ಲ. ಮೊದಲನೆಯದು ಸುಳ್ಳೆಂದು ಇದರಿಂದ ಯಾರೂ ತಿಳಿಯಬಾರದು. ಎರಡೂ ಒಂದೇ ಮನೆಯ ಎರಡು ಬಾಗಿಲುಗಳಲ್ಲಿ, ಒಂದೇ ವರ್ಷದಲ್ಲಿ ನಡೆದವು.

ಈಗ ನನ್ನ ತಕರಾರನ್ನು ಹೇಳುವೆನು. ಭಯಾನಕ ಕಥೆಯು ನೋಡುವವರನ್ನು ಯಾವಾಗಲೂ ಬಾಗಿಲಿನ ಒಳಗಡೆಯೇ ನಿಲ್ಲಿಸುವದು. ಒಳಗಿರುವವರು ನಾವು, ಹೊರಗೆ ತಟ್ಟುವದು ಅದು. ತೆರೆಯಬೇಡ, ತೆರೆಯಬೇಡ ಎಂದು ನಾವೆಲ್ಲ ಮನಸ್ಸಿನಲ್ಲಿ ಕೂಗುವೆವು. ತೆರೆದವರನ್ನು ಮೂರ್ಖರೆಂದು ಬಯ್ಯುವೆವು. ಹೊರಗೆ ನಿಂತದ್ದರ ಕೈ ಹೆಪ್ಪುಗಟ್ಟಿದೆಯೋ, ಅದರ ತೋಳಿನಲ್ಲಿ ಕೂಸಿದೆಯೋ ಎಂದು ಕೇಳುವ ಅವಕಾಶವನ್ನು ಕಥೆಯು ಕೊಡುವದಿಲ್ಲ. ನಮ್ಮ ಶಾಲೆಯ ಸಭಾಗೃಹದಲ್ಲಿ ಒಂದು ಚಿತ್ರವಿದ್ದದ್ದು ಎಲ್ಲರಿಗೂ ನೆನಪಿದೆ. ಹೋಲ್ಮನ್ ಹಂಟ್ ಎಂಬ ಇಂಗ್ಲೆಂಡಿನ ಚಿತ್ರಕಾರನು ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದದ್ದರ ಅಚ್ಚಿನ ಪ್ರತಿ ಅದು. ಯೇಸುಸ್ವಾಮಿಯು ಕಂದೀಲನ್ನು ಹಿಡಿದು, ಕಸ ಬೆಳೆದ ಒಂದು ಬಾಗಿಲನ್ನು ರಾತ್ರಿಯಲ್ಲಿ ತಟ್ಟುತ್ತಿರುವನು. ಆ ಬಾಗಿಲಿಗೆ ಹೊರಗಡೆ ಹಿಡಿಕೆಯಿಲ್ಲ, ಅದನ್ನು ಒಳಗಿನಿಂದಲೇ ತೆಗೆಯಬೇಕು ಎಂದು ಶಿಕ್ಷಕಿಯವರು ತೋರಿಸಿಕೊಡುತ್ತಿದ್ದರು. ಹಗಲು ಆ ಚಿತ್ರದ ಕೆಳಗೆ ಕುಳಿತು, ರಾತ್ರಿ ‘ದಸ್ತಕ್’ ನೋಡುತ್ತಿದ್ದ ನಮಗೆ ಎರಡೂ ಬಾಗಿಲು ತಟ್ಟುವ ಚಿತ್ರಗಳೇ ಎಂದು ಹೊಳೆದಿರಲಿಲ್ಲ. ಆಯಿಯೊಬ್ಬಳಿಗೆ, ಶಾಲೆಯ ಮೆಟ್ಟಿಲನ್ನೇ ಹತ್ತದವಳಿಗೆ, ಹೊರಗೆ ನಿಂತವರು ಮನುಷ್ಯರಿರಬಹುದೆಂದು ಹೊಳೆಯಿತು. ಅವಳು ಕದಕ್ಕೆ ಅಡ್ಡವಾಗಿ ನಿಂತಳೆಂದು ನಾವು ಆ ರಾತ್ರಿ ತಿಳಿದಿದ್ದೆವು. ಅವಳು ತೆರೆಯಲು ಎದ್ದಿದ್ದಳೆಂದು ನನಗೆ ಈಗ ತೋರುವದು.

ಆ ಕಂತಿನ ಋಣವು ನಮ್ಮ ಮೇಲಿರುವದೋ, ಅದರದೇ ನಮ್ಮ ಮೇಲೆ ಅಪರಾಧವೋ ಎಂಬದನ್ನು ನಾನು ಇತ್ಯರ್ಥ ಮಾಡಲಾರದೆ ಇರುವೆನು. ಅದು ಬರದಿದ್ದರೆ ಆಯಿಯು ಎರಡೂ ಕಥೆಗಳನ್ನು ತನ್ನೊಡನೆಯೇ ಒಯ್ಯುತ್ತಿದ್ದಳು. ಇದು ನಿಶ್ಚಯ. ಆದರೆ ಅದರ ಬೆಲೆಯನ್ನು ಕೊಟ್ಟವರು ನಾವಲ್ಲ, ಅವಳು. ಅಂದಿನಿಂದ 2001ರಲ್ಲಿ ತೀರಿಕೊಳ್ಳುವವರೆಗೆ ಎಂಟು ವರ್ಷ ಅವಳಿಗೆ ನಡುರಾತ್ರಿಯ ನಿದ್ರೆ ಹತ್ತಲಿಲ್ಲ. ಬೆಕ್ಕು ಕದವನ್ನು ಕೆರೆದರೂ, ಗಾಳಿಗೆ ಚಿಲಕ ಅಲುಗಿದರೂ ಎದ್ದು ಹೋಗಿ ತೆರೆದು ನೋಡುವಳು. ಕಳ್ಳರ ಹೆದರಿಕೆಯಿಂದ ಅಪ್ಪ ಒಳಗಿನಿಂದ ಬೀಗ ಹಾಕತೊಡಗಿದರು. ಆಗ ಅವಳು ಕದದ ಬಳಿಯಲ್ಲಿಯೇ ಹಾಸಿಗೆಯನ್ನು ಹಾಸಿಕೊಂಡಳು. ನಲವತ್ತೈದು ವರ್ಷ ಅವಳು ಹೇಗೋ ಮುಚ್ಚಿಟ್ಟುಕೊಂಡು ಬಾಳಿದ್ದನ್ನು ಒಂದು ಮನರಂಜನೆಯ ಮಾಲಿಕೆಯು ಅವಳನ್ನು ಕೇಳದೆಯೇ ತೆರೆಯಿತೆಂದು ಅಪ್ಪ ಕಡೆಯವರೆಗೂ ಹೇಳುತ್ತಿದ್ದರು. ಒಬ್ಬ ಮುದುಕಿಯ ನಿದ್ರೆಯನ್ನು ಕೊಟ್ಟು ಮೊಮ್ಮಕ್ಕಳು ಚರಿತ್ರೆಯನ್ನು ಕೊಂಡದ್ದು ನ್ಯಾಯವೇ ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹೇಳಿ ಹಗುರಾದಳೆಂದು ಅವ್ವ ಅನ್ನುತ್ತಿದ್ದಳು. ಅವ್ವನ ಮಾತನ್ನು ನಂಬಲು ನನಗೆ ಬಹಳ ಆಸೆ, ಆದರೆ ಹಗುರಾದವರು ಕದದ ಬಳಿಯಲ್ಲಿ ಮಲಗುವರೇ?

ಆ ಹಳೆಯ ಕಂತುಗಳು ಈಗ ಅಂತರ್ಜಾಲದಲ್ಲಿ ದೊರೆಯುವವು. ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಮಗಳು ಮೊಬೈಲಿನಲ್ಲಿ ಹುಡುಕಿ ತೆಗೆದು ತೋರಿಸಿದಳು. ಬಣ್ಣ ಬಳಿದ ಮುಖಗಳು, ಒಣ ಎಲೆಗಳನ್ನು ಹಾರಿಸುವ ಗಾಳಿ, ಅತಿಯಾದ ವಾದ್ಯಗಳು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನನಗೂ ನಗೆ ಬಂದಿತು. ಇದಕ್ಕೇ ಹೆದರಿದ್ದೆಯಾ ಎಂದು ಕೇಳಿದಳು. ಆಗ ಅವಳಿಗೆ ಆಯಿಯ ಕಥೆಗಳೆರಡನ್ನೂ, ಬಿಡದೆ, ಹೇಳಿದೆನು. ಕೇಳಿ ಮುಗಿದ ಮೇಲೆ ಅವಳು, ಎರಡನೆಯದನ್ನು ಮಾಮಾ ತನ್ನ ಭಾಷಣದಲ್ಲಿ ಏಕೆ ಹೇಳಲಿಲ್ಲವೆಂದು ಕೇಳಿದಳು. ಅವನಿಗೆ ಆಗ ಅದು ತಿಳಿದಿರಲಿಲ್ಲವೆಂದು ನಾನು ಹೇಳಿದೆನು. ಈಗ ತಿಳಿದಿದೆಯಲ್ಲ ಎಂದಳು.

ಅಣ್ಣನು ಈಗ ನಮ್ಮ ಹಿರಿಯರ ಆ ಊರಿನಲ್ಲಿಯೇ ಹೊಲಗಳನ್ನು ನೋಡಿಕೊಂಡಿರುವನು. ಪಿಂಜಾರರ ಮೊಮ್ಮಗನು ಅವನ ಗೆಳೆಯನು, ಇಬ್ಬರೂ ಕೂಡಿ ಒಂದು ಟ್ರ್ಯಾಕ್ಟರನ್ನು ಇಟ್ಟಿರುವರು. ಈ ಲೇಖನವನ್ನು ಕಳುಹಿಸುವ ಮೊದಲು ಅವನಿಗೆ ಓದಲು ಕೊಟ್ಟೆನು. ಎರಡು ದಿನ ಇಟ್ಟುಕೊಂಡನು. ಆಮೇಲೆ, ಬರೆದದ್ದೆಲ್ಲ ಇರಲಿ, ಊರಿನ ಹೆಸರನ್ನು ಮಾತ್ರ ತೆಗೆ ಎಂದನು. ತೆಗೆದಿರುವೆನು.